ಹಿತ್ತಲ ತೊಟ್ಟಿಯ ಮೀನುಗಳಿಗೆ ಚಳಿಗಾಲ: ಹೀಟರ್ ಹಾಕಬೇಕಾ, ಬೇಡವಾ?

ಹಿತ್ತಲ_ತೊಟ್ಟಿ (ದೊಡ್ಡಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ದೊಡ್ಡಬಳ್ಳಾಪುರದ ಹೊರಗೆ, ಸುತ್ತ ಬಯಲು. ಹಿತ್ತಲಲ್ಲಿ ಹಿಂದೆ ದನಗಳಿಗೆ ನೀರು ತುಂಬಿಸುತ್ತಿದ್ದ ಸಿಮೆಂಟ್ ತೊಟ್ಟಿ ಇದೆ. 8 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳ. ಪೂರ್ತಿ ನೆಲದ ಮೇಲೇ ಕಟ್ಟಿದ್ದು, ಇಟ್ಟಿಗೆ ಗೋಡೆ, ಮೇಲೆ ಏನೂ ಮುಚ್ಚಿಲ್ಲ. ಅದರಲ್ಲಿ ಗಪ್ಪಿ, ಸ್ವಾರ್ಡ್‌ಟೇಲ್, ಕಪ್ಪು ಮೋಲಿ ಮತ್ತು ಒಂದಷ್ಟು ಏಂಜೆಲ್ ಸಾಕುತ್ತಿದ್ದೇನೆ. ಬೇಸಿಗೆ, ಮಳೆಗಾಲ ಎರಡರಲ್ಲೂ ಯಾವ ತೊಂದರೆಯೂ ಇಲ್ಲ, ಮೋಲಿ ಮತ್ತು ಗಪ್ಪಿ ಮರಿ ಹಾಕುತ್ತಲೇ ಇರುತ್ತವೆ.

ತೊಂದರೆ ಶುರುವಾಗುವುದು ಡಿಸೆಂಬರ್‌ನಲ್ಲಿ. ಇಲ್ಲಿ ಬೆಳಗಿನ ಜಾವ ಗಾಳಿ 12-13 ಡಿಗ್ರಿಗೆ ಇಳಿಯುತ್ತದೆ, ತೊಟ್ಟಿ ನೀರು ಬೆಳಿಗ್ಗೆ ಆರು ಗಂಟೆಗೆ 17 ಇರುತ್ತದೆ. ಹೋದ ಚಳಿಗಾಲದಲ್ಲಿ ಏಂಜೆಲ್‌ಗಳು ಒಂದು ಮೂಲೆಯಲ್ಲಿ ತಳ ಹಿಡಿದು ಕೂತವು, ಮೋಲಿಗಳು ಇದ್ದಲ್ಲೇ ನಿಂತು ಮೈ ಅಲುಗಾಡಿಸುತ್ತಿದ್ದವು, ಆಮೇಲೆ ಮೈತುಂಬ ಬಿಳಿ ಚುಕ್ಕೆ ಬಂದು ಕೆಲವು ಸತ್ತವು. ಈ ಸಲ ಹಾಗಾಗಲು ಬಿಡಬಾರದು ಅಂತ ಈಗಲೇ ಕೇಳುತ್ತಿದ್ದೇನೆ.

ಅಂಗಡಿಯವರು 1000 ವ್ಯಾಟ್ ಹೀಟರ್ ಹಾಕಿ, 26 ಡಿಗ್ರಿಗೆ ಇಡಿ ಅನ್ನುತ್ತಾರೆ. ಪಕ್ಕದ ಮನೆಯವರು ಬಕೆಟ್‌ನಲ್ಲಿ ನೀರು ಕಾಯಿಸೋ ರಾಡ್ ರಾತ್ರಿ ಎರಡು ಗಂಟೆ ಇಟ್ಟರೆ ಸಾಕು ಅಂದರು. ಕರೆಂಟ್ ವಿಷಯವೂ ಇದೆ. ನಮ್ಮದು ತಿಂಗಳಿಗೆ ಸುಮಾರು 90 ಯೂನಿಟ್, ಗೃಹಜ್ಯೋತಿಯಲ್ಲಿ ಬಿಲ್ ಬರುತ್ತಿಲ್ಲ. ಮೀನಿಗೋಸ್ಕರ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನೋದು ಮೊದಲೇ ಗೊತ್ತಾದರೆ ಒಳ್ಳೆಯದು. ಹೊರಗೆ ತೊಟ್ಟಿ ಇಟ್ಟು ಚಳಿಗಾಲ ದಾಟಿಸಿದವರು ದಯವಿಟ್ಟು ಹೇಳಿ.

ಗಪ್ಪಿಗೂಡು (ಮೈಸೂರು)

ರಾಡ್ ವಿಷಯ ಮೊದಲು ಮರೆತುಬಿಡಿ. ಯಾಕೆ ಅಂತ ಕರೆಂಟ್ ಗೊತ್ತಿರುವವರು ಹೇಳುತ್ತಾರೆ, ನಾನು ಮೀನಿನ ಬಗ್ಗೆ ಹೇಳುತ್ತೇನೆ.

ನಿಮ್ಮ ತೊಟ್ಟಿಯಲ್ಲಿ ಇರುವ ನಾಲ್ಕು ಜಾತಿಗೂ ಬೇಕಾದ ಬಿಸಿ ಒಂದೇ ಅಲ್ಲ. ಸ್ವಾರ್ಡ್‌ಟೇಲ್ ಮೆಕ್ಸಿಕೋ, ಮಧ್ಯ ಅಮೆರಿಕದ ಹೊಳೆಗಳ ಮೀನು, 18 ಡಿಗ್ರಿವರೆಗೂ ತಡೆಯುತ್ತದೆ. ಗಪ್ಪಿ ಕೂಡ ನಿಧಾನವಾಗಿ ಇಳಿದರೆ 18ಕ್ಕೆ ಹೊಂದಿಕೊಳ್ಳುತ್ತದೆ, ಮರಿ ಹಾಕುವುದು ಕಡಿಮೆಯಾಗುತ್ತದೆ ಅಷ್ಟೇ. ಮೋಲಿಗೆ 22ರ ಕೆಳಗೆ ಕಷ್ಟ. ನೀವು ಹೇಳಿದ ಆ ಅಲುಗಾಟ ಚಳಿ ಹೊಡೆದ ಮೋಲಿಯ ಲಕ್ಷಣ. ಏಂಜೆಲ್ ಅಂತೂ ಅಮೆಜಾನ್ ಕಡೆಯ ಮೀನು, ಅದಕ್ಕೆ 24ರ ಮೇಲೆ ಬೇಕು, 17 ಡಿಗ್ರಿಯಲ್ಲಿ ಬದುಕಿದ್ದೇ ಹೆಚ್ಚು.

ಹಾಗಾಗಿ ಒಂದು ತೊಟ್ಟಿ ನೀರನ್ನೆಲ್ಲ ಏಂಜೆಲ್‌ಗೋಸ್ಕರ 26ಕ್ಕೆ ಏರಿಸುವ ಬದಲು ನವೆಂಬರ್ ಮಧ್ಯದಲ್ಲೇ ಏಂಜೆಲ್‌ಗಳನ್ನು ಮನೆಯೊಳಗೆ ತನ್ನಿ. 200 ಲೀಟರ್ ಗಾಜಿನ ಟ್ಯಾಂಕ್ ಇದ್ದರೆ ಒಂದು 200 ವ್ಯಾಟ್ ಹೀಟರ್‌ನಲ್ಲಿ ಆರಾಮಾಗಿ ಕಳೆಯುತ್ತವೆ. ಹೊರಗೆ ಉಳಿದವಕ್ಕೆ 22 ಸಾಕು. ಬೆಂಗಳೂರು ಸುತ್ತಮುತ್ತ ಚಳಿ ಅಂದರೆ ಹಿಮ ಬೀಳುವ ಊರಿನ ಚಳಿ ಅಲ್ಲವಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಮಧ್ಯಾಹ್ನ ಹೇಗೂ ಒಳ್ಳೆಯ ಬಿಸಿಲು ಬರುತ್ತದೆ. ನೀವು ನೋಡಿಕೊಳ್ಳಬೇಕಾದದ್ದು ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗಿನ ಹೊತ್ತು ಮಾತ್ರ.

ಲೀಟರ್_ಲೆಕ್ಕ (ಬೆಂಗಳೂರು)

ಗಪ್ಪಿಗೂಡು ಹೇಳಿದ್ದು ಸರಿ. ಅದಕ್ಕೆ ನಾನು ಲೆಕ್ಕ ಸೇರಿಸುತ್ತೇನೆ, ಯಾಕೆಂದರೆ ಎಷ್ಟು ವ್ಯಾಟ್ ಅನ್ನೋ ಪ್ರಶ್ನೆಗೆ ಅಂದಾಜಿನಲ್ಲಿ ಉತ್ತರ ಹೇಳಿದರೆ ದುಡ್ಡು ಹೋಗುತ್ತದೆ.

ನಿಮ್ಮ ತೊಟ್ಟಿ 64 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್, ಅಂದರೆ ತುಂಬಿದರೆ 1,800 ಲೀಟರ್ ಮೇಲೆ. ಅಂಚಿನಿಂದ ಒಂದೂವರೆ ಇಂಚು ಕೆಳಗೆ ನೀರಿದೆ ಅಂದುಕೊಂಡರೆ 1,700 ಲೀಟರ್. ಒಂದು ಯೂನಿಟ್ ಕರೆಂಟ್ 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. ನಿಮ್ಮ ತೊಟ್ಟಿ ರಾತ್ರಿ 3 ಡಿಗ್ರಿ ಕಳೆದುಕೊಂಡರೆ ಅದನ್ನು ತುಂಬಿಕೊಡಲು ಸುಮಾರು 6 ಯೂನಿಟ್ ಬೇಕು. ತಿಂಗಳಿಗೆ 180. ನಿಮ್ಮ 90ಕ್ಕೆ ಅದು ಸೇರಿದರೆ 270. ಗೃಹಜ್ಯೋತಿಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಅದು ನಿಮಗೆ ಗೊತ್ತೇ ಇದೆ. 200ರ ಒಳಗಿದ್ದರೂ ನಿಮ್ಮ ಹಳೆಯ ಸರಾಸರಿಯ ಮೇಲೆ ನಿಗದಿಯಾದ ಮಿತಿಗಿಂತ ಹೆಚ್ಚಾದಷ್ಟಕ್ಕೆ ಹಣ ಬರುತ್ತದೆ.

ಹಾಗಾದರೆ ಆ 3 ಡಿಗ್ರಿ ಎಲ್ಲಿ ಹೋಗುತ್ತದೆ ಅಂತ ನೋಡಬೇಕು. ತುಂಬಾ ಜನ ಗೋಡೆಯಿಂದ ಅಂದುಕೊಳ್ಳುತ್ತಾರೆ. ಗೋಡೆಯಿಂದಲೂ ಹೋಗುತ್ತದೆ, ಆದರೆ ಜಾಸ್ತಿ ಹೋಗುವುದು ಮೇಲಿಂದ, ಅದರಲ್ಲೂ ಆವಿಯಾಗಿ. ಒಂದು ಲೀಟರ್ ನೀರು ಆವಿಯಾದರೆ ತನ್ನ ಜೊತೆ ಹೆಚ್ಚುಕಡಿಮೆ 0.68 ಯೂನಿಟ್‌ನಷ್ಟು ಶಾಖ ತೆಗೆದುಕೊಂಡು ಹೋಗುತ್ತದೆ. ನಿಮ್ಮ ತೊಟ್ಟಿಯ ಮೇಲ್ಮೈ 3 ಚದರ ಮೀಟರ್. ನೀರಿನ ಮಟ್ಟ ಬರೀ 2 ಮಿಲಿಮೀಟರ್ ಇಳಿದರೂ 6 ಲೀಟರ್ ಹೋಯಿತು, ಅದರ ಜೊತೆ 4 ಯೂನಿಟ್ ಶಾಖ ಹೋಯಿತು. 2 ಮಿಲಿಮೀಟರ್ ಇಳಿದದ್ದು ಕಣ್ಣಿಗೆ ಕಾಣುವುದೂ ಇಲ್ಲ. ಅಮೆರಿಕದ ಇಂಧನ ಇಲಾಖೆ ಈಜುಕೊಳಗಳ ಬಗ್ಗೆ ಕೊಡುವ ಅಂಕಿಯೂ ಇದನ್ನೇ ಹೇಳುತ್ತದೆ: ಬಯಲಿನ ಕೊಳ ಕಳೆದುಕೊಳ್ಳುವ ಶಾಖದಲ್ಲಿ ಶೇ. 70 ಆವಿಯಿಂದಲೇ, ಮೇಲೆ ಹೊದಿಕೆ ಹಾಕಿದರೆ ಬಿಸಿ ಮಾಡುವ ಖರ್ಚು ಶೇ. 50ರಿಂದ 70 ಕಡಿಮೆಯಾಗುತ್ತದೆ.

ಇನ್ನೊಂದು, ಆಕಾಶ. ಮೋಡವಿಲ್ಲದ ರಾತ್ರಿ ನೀರು ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಸೂಸುತ್ತದೆ. ಡಿಸೆಂಬರ್, ಜನವರಿಯಲ್ಲಿ ನಿಮ್ಮ ಕಡೆ ನಕ್ಷತ್ರ ಚೆನ್ನಾಗಿ ಕಾಣುವ ರಾತ್ರಿಗಳೇ ಜಾಸ್ತಿ, ಅವೇ ಚಳಿ ಜಾಸ್ತಿ ಇರುವ ರಾತ್ರಿಗಳು. ಮೇಲೆ ಒಂದು ಹಾಳೆ ಬಂದರೆ ಆವಿ, ಗಾಳಿ, ಆಕಾಶ ಮೂರಕ್ಕೂ ತಡೆ ಬೀಳುತ್ತದೆ.

ಆಮೇಲೆ ಎಷ್ಟು ಡಿಗ್ರಿಗೆ ಇಡುತ್ತೀರಿ ಅನ್ನೋದು. ಶಾಖ ಹೋಗುವುದು ನೀರಿಗೂ ಗಾಳಿಗೂ ಇರುವ ಅಂತರಕ್ಕೆ ತಕ್ಕಂತೆ. ರಾತ್ರಿ ಗಾಳಿ ಸರಾಸರಿ 16 ಇದ್ದು ನೀರು 26 ಇಟ್ಟರೆ ಅಂತರ 10. ನೀರು 22 ಇಟ್ಟರೆ ಅಂತರ 6. ಅಲ್ಲೇ ಶೇ. 40 ಉಳಿಯಿತು. ಅಂಗಡಿಯವರ 26ನ್ನು ಬಿಟ್ಟು ಹೊದಿಕೆ ಹಾಕಿ 22ಕ್ಕೆ ನಿಂತರೆ ದಿನಕ್ಕೆ ಒಂದೆರಡು ಯೂನಿಟ್‌ನಲ್ಲಿ ಮುಗಿಯಬೇಕು, ಬಿಸಿಲು ಚೆನ್ನಾಗಿದ್ದ ದಿನ ಹೀಟರ್ ಹೊತ್ತಿಕೊಳ್ಳದೇ ಇರಬಹುದು. 1000 ವ್ಯಾಟ್ ಬೇಡ. 300 ವ್ಯಾಟ್‌ನ ಎರಡು ತಗೊಳ್ಳಿ. ಒಂದು ಕೆಟ್ಟು ಹೊತ್ತಿಕೊಂಡೇ ಉಳಿದರೂ 1,700 ಲೀಟರ್ ನೀರನ್ನು ಒಂದು ರಾತ್ರಿಯಲ್ಲಿ ಕುದಿಸುವ ಶಕ್ತಿ ಅದಕ್ಕಿಲ್ಲ. ಒಂದು ಆರಿಹೋದರೆ ಇನ್ನೊಂದು ಬೆಳಗಿನವರೆಗೆ ತಳ್ಳುತ್ತದೆ.

ವೈರಿಂಗ್_ಕೆಲಸ (ತುಮಕೂರು)

ಇದನ್ನು ದಯವಿಟ್ಟು ಪೂರ್ತಿ ಓದಿ. ನಾನು ಮನೆ ವೈರಿಂಗ್ ಮಾಡುವವನು, ಮೀನಿನ ವಿಷಯ ಅಷ್ಟು ಗೊತ್ತಿಲ್ಲ, ಆದರೆ ನೀರು ಮತ್ತು ಕರೆಂಟ್ ಒಟ್ಟಿಗೆ ಇರುವ ಜಾಗ ನೋಡಿದರೆ ಸುಮ್ನೆ ಇರೋಕೆ ಆಗಲ್ಲ.

ಬಕೆಟ್ ರಾಡ್ ತೊಟ್ಟಿಗೆ ಹಾಕಲೇಬೇಡಿ. ಅದು 1000, 1500 ವ್ಯಾಟ್ ಇರುತ್ತದೆ. ಸಾಮಾನ್ಯ ರಾಡ್‌ಗೆ ಥರ್ಮೋಸ್ಟಾಟ್ (ಬೇಕಾದಷ್ಟು ಬಿಸಿಯಾದ ಕೂಡಲೇ ತಾನೇ ಆಫ್ ಮಾಡುವ ಸಾಧನ) ಇರುವುದಿಲ್ಲ. ರಾತ್ರಿಯಿಡೀ ನೀರಿನಲ್ಲಿ ಬಿಡಲು ಮಾಡಿದ್ದೇ ಅಲ್ಲ. ಸೀಲ್ ಸವೆದರೆ ನೀರಿಗೇ ಕರೆಂಟ್ ಬರುತ್ತದೆ. ತೊಟ್ಟಿ ಸಿಮೆಂಟಿನದು, ಸುತ್ತ ಒದ್ದೆ ನೆಲ, ಬರಿಗಾಲು. ಹಿತ್ತಲಲ್ಲಿ ಮಕ್ಕಳು ಓಡಾಡುತ್ತಾರೆ, ನಾಯಿ ಬಂದು ನೀರು ಕುಡಿಯುತ್ತದೆ. ಮೀನು ಉಳಿಸಲು ಹೋಗಿ ಮನೆಯವರ ಜೀವಕ್ಕೆ ಆಪತ್ತು ತರಬೇಡಿ.

ಹೀಟರ್ ಹಾಕುವ ಮೊದಲು ನಿಮ್ಮ ಮೀಟರ್ ಬೋರ್ಡ್ ಹತ್ತಿರ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್) ಇದೆಯಾ ನೋಡಿ. ಮೇಲೆ 30 ಎಂಎ ಅಂತ ಬರೆದಿರುತ್ತದೆ, ಪರೀಕ್ಷೆಗೆ ಒಂದು ಸಣ್ಣ ಗುಂಡಿ ಇರುತ್ತದೆ. ಎಂಸಿಬಿ ಇದ್ದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ಎಂಸಿಬಿ ಇರುವುದು ವೈರ್ ಸುಡದಂತೆ ತಡೆಯಲು. ಮನುಷ್ಯನ ಮೈಯಲ್ಲಿ ಹರಿಯುವ ಸಣ್ಣ ಕರೆಂಟ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಹೋದ ಕರೆಂಟ್ ಅಷ್ಟೇ ವಾಪಸ್ ಬಂತಾ ಅಂತ ನೋಡುತ್ತಿರುತ್ತದೆ, ವ್ಯತ್ಯಾಸ ಕಂಡ ಕೂಡಲೇ ಕಟ್ ಮಾಡುತ್ತದೆ. ಇಲ್ಲದಿದ್ದರೆ ತೊಟ್ಟಿಯ ಲೈನಿಗಾದರೂ ಒಂದು ಹಾಕಿಸಿ. ತಿಂಗಳಿಗೊಮ್ಮೆ ಆ ಪರೀಕ್ಷೆಯ ಗುಂಡಿ ಒತ್ತಿ ಕರೆಂಟ್ ಕಟ್ ಆಗುತ್ತದೆಯೇ ನೋಡಿ. ಹೊರಗೆ ನೆಲದಲ್ಲಿ ತೋಡಿರುವ ಅರ್ಥಿಂಗ್ ಗುಂಡಿಗೂ ನೀರು ಹಾಕುತ್ತಿರಿ, ಹಳೆ ಮನೆಗಳಲ್ಲಿ ಅದು ಒಣಗಿ ಕೆಲಸ ಮಾಡುತ್ತಿರುವುದಿಲ್ಲ.

ಎಕ್ಸ್‌ಟೆನ್ಷನ್ ಬೋರ್ಡ್ ಎಳೆದುಕೊಂಡು ತೊಟ್ಟಿ ಕಟ್ಟೆಯ ಮೇಲೆ ಇಡುವುದು ಬೇಡ. ಗೋಡೆಗೆ ಮಳೆ ನೀರು ಹೋಗದ ಪೆಟ್ಟಿಗೆ ಹಾಕಿ, ತೊಟ್ಟಿಗಿಂತ ಎತ್ತರದಲ್ಲಿ. ಹೀಟರ್ ವೈರ್ ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಬಿದ್ದು ಮೇಲೇರಬೇಕು. ಆಗ ವೈರ್ ಹಿಡಿದು ಬರುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನವರೆಗೆ ಹೋಗುವುದಿಲ್ಲ. ನೀರಿಗೆ ಕೈ ಹಾಕುವ ಮುಂಚೆ ಪ್ರತಿ ಸಲವೂ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ.

ಗಪ್ಪಿಗೂಡು (ಮೈಸೂರು)

ವೈರಿಂಗ್ ಸರ್, ತುಂಬಾ ಥ್ಯಾಂಕ್ಸ್, ಇದನ್ನು ಎಲ್ಲರೂ ಓದಬೇಕು. ರಾಡ್ ಬೇಡ ಅನ್ನಲು ಮೀನಿನ ಕಡೆಯಿಂದಲೂ ಒಂದು ಕಾರಣ ಇದೆ. ಎಷ್ಟೋ ರಾಡ್‌ಗಳ ಕೊಳವೆ ತಾಮ್ರದ್ದು, ಮೇಲೆ ತೆಳುವಾಗಿ ನಿಕ್ಕಲ್ ಲೇಪ. ಲೇಪ ಹೋದರೆ ತಾಮ್ರ ನೀರಿಗೆ ಬಿಡುತ್ತದೆ. ಮೀನಿಗೆ ಅದು ವಿಷ, ಬಸವನಹುಳು, ಸೀಗಡಿ ಇದ್ದರೆ ಇನ್ನೂ ಬೇಗ ಸಾಯುತ್ತವೆ.

ಗಾಜಿನ ಅಕ್ವೇರಿಯಂ ಹೀಟರ್ ತಗೊಂಡರೆ ಅದನ್ನು ತೂತು ಕೊರೆದ ಪಿವಿಸಿ ಪೈಪಿನೊಳಗೆ ಇಟ್ಟು ತಳದ ಹತ್ತಿರ ಅಡ್ಡಕ್ಕೆ ಮಲಗಿಸಿ. ನೀರು ಕಡಿಮೆಯಾಗಿ ಬಿಸಿ ಗಾಜು ಹೊರಗೆ ಬಂದರೆ ಒಡೆಯುತ್ತದೆ, ಮೀನು ಒರಗಿಕೊಂಡರೆ ಮೈ ಸುಡುತ್ತದೆ, ಪೈಪಿನೊಳಗಿದ್ದರೆ ಎರಡೂ ತಪ್ಪುತ್ತದೆ. ದುಡ್ಡು ಸ್ವಲ್ಪ ಜಾಸ್ತಿ ಹಾಕಬಹುದಾದರೆ ಟೈಟಾನಿಯಂ ಹೀಟರ್ ಮತ್ತು ಹೊರಗಿನ ಡಿಜಿಟಲ್ ಥರ್ಮೋಸ್ಟಾಟ್ ಹೊರಾಂಗಣಕ್ಕೆ ಇನ್ನೂ ಒಳ್ಳೆಯದು.

ಹಿತ್ತಲ_ತೊಟ್ಟಿ (ದೊಡ್ಡಬಳ್ಳಾಪುರ)

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಆರ್‌ಸಿಸಿಬಿ ನೋಡಿದೆ, ನಮ್ಮಲ್ಲಿ ಇಲ್ಲ, ಹಾಕಿಸುತ್ತೇನೆ. ರಾಡ್ ಯೋಚನೆ ಬಿಟ್ಟೆ.

ಎರಡು ಅನುಮಾನ. ಮೇಲೆ ಪೂರ್ತಿ ಮುಚ್ಚಿದರೆ ಮೀನಿಗೆ ಉಸಿರು ಕಟ್ಟುವುದಿಲ್ಲವಾ? ಗೋಡೆಗೆ ಏನು ಮಾಡಲಿ, ಥರ್ಮೋಕೋಲ್ ಅಂಟಿಸಬೇಕಾ, ಇಲ್ಲಾ ನಮ್ಮಲ್ಲಿ ರಾಗಿ ಹುಲ್ಲು ಇದೆ, ಅದನ್ನು ಸುತ್ತ ಒಟ್ಟಿದರೆ ಆಗುತ್ತಾ? ಮನೆ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ, ಅದರ ಬಿಸಿನೀರು ಸಂಜೆ ಎರಡು ಬಕೆಟ್ ಸುರಿದರೆ?

ಲೀಟರ್_ಲೆಕ್ಕ (ಬೆಂಗಳೂರು)

ಎರಡು ಬಕೆಟ್ ಅಂದರೆ 40 ಲೀಟರ್. ಅದು 60 ಡಿಗ್ರಿ ಇದ್ದರೂ ನಿಮ್ಮ 1,700 ಲೀಟರ್ ಒಂದು ಡಿಗ್ರಿಯೂ ಏರುವುದಿಲ್ಲ. ಸುರಿದ ಜಾಗದಲ್ಲಿ ಮಾತ್ರ ಮೀನು ಬೆಂದುಹೋಗಬಹುದು. ಬೇಡ.

ಮುಚ್ಚುವ ವಿಷಯ. ತಣ್ಣನೆ ನೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ. 15 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ, 25 ಡಿಗ್ರಿಯಲ್ಲಿ 8ರ ಹತ್ತಿರ. ಹಾಗಾಗಿ ಚಳಿಗಾಲದಲ್ಲಿ ಆಮ್ಲಜನಕದ ಕೊರತೆ ಬೇಸಿಗೆಗಿಂತ ಕಡಿಮೆಯೇ. ಆದರೆ ನಿಮ್ಮ ನೀರು ಹಸಿರಾಗಿದ್ದರೆ ಅಥವಾ ಗಿಡ ತುಂಬಾ ಇದ್ದರೆ ರಾತ್ರಿ ಅವೂ ಆಮ್ಲಜನಕ ಎಳೆಯುತ್ತವೆ, ಬೆಳಗಿನ ಜಾವಕ್ಕೆ ಮಟ್ಟ ತೀರಾ ಇಳಿದಿರುತ್ತದೆ. ಅದಕ್ಕೆ ಹೊದಿಕೆ ನೀರಿಗೆ ತಾಗದಂತೆ ಕಮಾನಿನ ಮೇಲೆ ಹಾಕಿ, ಒಂದು ಬದಿ ಎರಡು ಮೂರು ಇಂಚು ತೆರೆದಿರಲಿ, ಒಂದು ಏರ್ ಸ್ಟೋನ್ (ನೀರಿನೊಳಗೆ ಗಾಳಿಯ ಗುಳ್ಳೆ ಬಿಡುವ ಕಲ್ಲು) ಸಣ್ಣದಾಗಿ ರಾತ್ರಿಯಿಡೀ ಓಡಲಿ. ಕಾರಂಜಿ, ಮೇಲಿಂದ ಬೀಳುವ ನೀರು ಇದ್ದರೆ ಸಂಜೆಯೇ ನಿಲ್ಲಿಸಿ. ಹನಿ ಹನಿಯಾಗಿ ಗಾಳಿಗೆ ಒಡ್ಡಿದ ನೀರು ತುಂಬಾ ಬೇಗ ತಣ್ಣಗಾಗುತ್ತದೆ.

ಹಾಳೆಗೆ ನೀವು ದೂರ ಹೋಗಬೇಕಿಲ್ಲ. ನಿಮ್ಮ ಸುತ್ತಮುತ್ತ ಗುಲಾಬಿ, ದೊಣ್ಣೆಮೆಣಸಿನಕಾಯಿ ಬೆಳೆಯುವ ಪಾಲಿಹೌಸ್‌ಗಳಿವೆಯಲ್ಲ, ಅವರು ಹಳೆ ಹಾಳೆ ಬದಲಾಯಿಸುವಾಗ ತುಂಡು ಕೇಳಿ ನೋಡಿ. 200 ಮೈಕ್ರಾನ್ ದಪ್ಪ, ಬಿಸಿಲಿಗೆ ಬೇಗ ಹರಿಯುವುದಿಲ್ಲ, ತೊಳೆದರೆ ಸಾಕಷ್ಟು ಬೆಳಕೂ ಬಿಡುತ್ತದೆ. ಪಾರದರ್ಶಕ ಹಾಳೆಯಾದ್ದರಿಂದ ಹಗಲು ಹಾಗೇ ಬಿಟ್ಟರೂ ಒಳಗೆ ಬಿಸಿಲು ಬಿದ್ದು ನೀರು ಬೆಚ್ಚಗಾಗುತ್ತದೆ. ರಾತ್ರಿ ಇನ್ನೂ ಭದ್ರ ಬೇಕು ಅಂದರೆ ಅದರ ಕೆಳಗೆ ಅರ್ಧ ತೊಟ್ಟಿಗೆ ಥರ್ಮೋಕೋಲ್ ಹಲಗೆ ತೇಲಿಬಿಡಿ, ಬೆಳಿಗ್ಗೆ ತೆಗೆಯಿರಿ. ಮೀನು ಥರ್ಮೋಕೋಲ್ ಕಾಳು ಕಿತ್ತು ತಿನ್ನದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಂಟು ಹಾಕಿ.

ರಾಗಿ ಹುಲ್ಲು ಒಳ್ಳೆಯದು, ಒಣಗಿದ್ದರೆ. ಒದ್ದೆಯಾದರೆ ಶಾಖ ತಡೆಯುವ ಗುಣ ಹೋಗುತ್ತದೆ, ಇಲಿಯೂ ಸೇರಿಕೊಳ್ಳುತ್ತದೆ. ಖಾಲಿ ಸಿಮೆಂಟ್ ಚೀಲಗಳಲ್ಲಿ ಗಟ್ಟಿಯಾಗಿ ತುಂಬಿ ಬಾಯಿ ಹೊಲಿದು ಗೋಡೆಗೆ ಒರಗಿಸಿ, ಮೇಲೆ ಟಾರ್ಪಾಲ್ ಎಳೆಯಿರಿ. ಉತ್ತರ ಮತ್ತು ಪೂರ್ವದ ಗೋಡೆ ಮೊದಲು, ಆ ಹೊತ್ತಿನ ಗಾಳಿ ಆ ಕಡೆಯಿಂದಲೇ ಬರುವುದು.

ಅಡಿಕೆ_ತೋಟ (ಕೊಪ್ಪ)

ನಮ್ಮಲ್ಲಿ ಕರೆಂಟ್ ನಂಬಿಕೊಂಡು ಏನೂ ಮಾಡಲು ಆಗುವುದಿಲ್ಲ, ಗಾಳಿ ಮಳೆ ಬಂದರೆ ಹೋಗುತ್ತದೆ, ಅದಕ್ಕೆ ಬಿಸಿಲನ್ನೇ ಹಿಡಿಯುವ ದಾರಿ ಮಾಡಿಕೊಂಡಿದ್ದೇನೆ. ಹಿತ್ತಲ ತೊಟ್ಟಿಯವರಿಗೆ ಇದು ಉಪಯೋಗ ಆಗಬಹುದು.

ತೋಟಕ್ಕೆ ಡ್ರಿಪ್ ಹಾಕಿದಾಗ ಉಳಿದ 16 ಎಂಎಂ ಕಪ್ಪು ಪೈಪ್, ತೂತು ಇಲ್ಲದ್ದು. ಅದನ್ನು ಸುರುಳಿ ಸುತ್ತಿ ತಗಡಿನ ಮೇಲೆ ದಕ್ಷಿಣಕ್ಕೆ ವಾಲಿಸಿ ಕಟ್ಟಿ. ಒಂದು ಸುತ್ತಿನ ಮೇಲೆ ಇನ್ನೊಂದು ಬೀಳಬಾರದು, ಎಲ್ಲಕ್ಕೂ ಬಿಸಿಲು ಬೀಳಬೇಕು. ತೊಟ್ಟಿಯಿಂದ ಸಣ್ಣ ಪಂಪ್‌ನಲ್ಲಿ ನೀರು ಮೇಲೆ ಹೋಗಿ ಸುತ್ತಿ ವಾಪಸ್ ತೊಟ್ಟಿಗೆ ಬರುತ್ತದೆ. 100 ಮೀಟರ್ ಪೈಪ್ ಅಂದರೆ ಬಿಸಿಲಿಗೆ ಒಡ್ಡಿದ ಜಾಗ ಸುಮಾರು ಒಂದೂವರೆ ಚದರ ಮೀಟರ್. ಒಂದೇ ಉದ್ದ ಸುರುಳಿ ಮಾಡಬೇಡಿ, ಅಷ್ಟು ಉದ್ದಕ್ಕೆ ಸಣ್ಣ ಪಂಪ್ ನೀರು ತಳ್ಳುವುದಿಲ್ಲ. 25 ಮೀಟರಿನ ನಾಲ್ಕು ಸುರುಳಿ ಮಾಡಿ, ಒಂದೇ ಮೇನ್ ಪೈಪಿನಿಂದ ನಾಲ್ಕಕ್ಕೂ ಕೊಡಿ.

ಮುಖ್ಯವಾದ ಮಾತು: ಬೆಳಿಗ್ಗೆ ಒಂಬತ್ತೂವರೆ ಮೇಲೆ ಪಂಪ್ ಶುರುವಾಗಬೇಕು, ಸಂಜೆ ನಾಲ್ಕಕ್ಕೆ ನಿಲ್ಲಬೇಕು. ರಾತ್ರಿ ಓಡಿದರೆ ಅದೇ ಪೈಪ್ ತೊಟ್ಟಿಯ ಶಾಖವನ್ನೆಲ್ಲ ಹೊರಗೆ ಹಾಕಿಬಿಡುತ್ತದೆ. ಟೈಮರ್ ಹಾಕಿಬಿಡಿ.

ನಿಮ್ಮ ಸೋಲಾರ್ ವಾಟರ್ ಹೀಟರಿಗೆ ತೊಟ್ಟಿ ನೀರು ಜೋಡಿಸಲು ಹೋಗಬೇಡಿ. ಮೀನಿನ ಕಸ ಒಳಗೆ ಹೋಗಿ ಕಟ್ಟಿಕೊಳ್ಳುತ್ತದೆ, ಒಳಗೆ ತಾಮ್ರದ ಕೊಳವೆ ಇದ್ದರೆ ಮೇಲೆ ಹೇಳಿದ ತೊಂದರೆಯೇ.

ಲೀಟರ್_ಲೆಕ್ಕ (ಬೆಂಗಳೂರು)

ಕೊಪ್ಪದವರ ಉಪಾಯ ನನಗೆ ತುಂಬಾ ಹಿಡಿಸಿತು. ನಮ್ಮ ಕಡೆ ಚಳಿಗಾಲದ ಬಿಸಿಲು ದಿನಕ್ಕೆ ಚದರ ಮೀಟರಿಗೆ ಸುಮಾರು 5 ಯೂನಿಟ್ ಕೊಡುತ್ತದೆ. ಗಾಜು ಹಾಕದ ಕಪ್ಪು ಪೈಪ್ ಅದರಲ್ಲಿ ಅರ್ಧ ಹಿಡಿದರೂ ಒಂದೂವರೆ ಚದರ ಮೀಟರಿಗೆ ನಾಲ್ಕರ ಹತ್ತಿರ ಬಂತು, ಅಂದರೆ 1,700 ಲೀಟರಿಗೆ ಎರಡು ಡಿಗ್ರಿ. ಪಂಪ್ ತಿನ್ನುವುದು 30 ವ್ಯಾಟ್ ಅಂದರೆ ಹಗಲಿಡೀ ಓಡಿದರೂ ಕಾಲು ಯೂನಿಟ್ ಮುಟ್ಟುವುದಿಲ್ಲ. ಹೊದಿಕೆ ಹಾಕಿ ಇದನ್ನು ಸೇರಿಸಿದರೆ ಹೀಟರ್ ಬರೀ ಮೋಡದ ದಿನಗಳಿಗೆ ಮತ್ತು ತೀರಾ ಚಳಿಯ ರಾತ್ರಿಗಳಿಗೆ ಉಳಿಯುತ್ತದೆ.

ಸೆಕ್ಟರ್_ಕನ್ನಡಿಗ (ನೋಯ್ಡಾ)

ಊರು ಹಾಸನ, ಕೆಲಸ ಇಲ್ಲಿ. ನಿಮ್ಮ ಚರ್ಚೆ ಓದಿ ಹೊಟ್ಟೆಕಿಚ್ಚಾಯಿತು, ನಿಜವಾಗಿ ಹೇಳುತ್ತಿದ್ದೇನೆ. ಇಲ್ಲಿ ಜನವರಿಯಲ್ಲಿ ರಾತ್ರಿ 5-7 ಡಿಗ್ರಿ, ಅದಕ್ಕಿಂತ ದೊಡ್ಡ ಕಷ್ಟ ಮಂಜು. ದಿನಗಟ್ಟಲೆ ಸೂರ್ಯನೇ ಕಾಣುವುದಿಲ್ಲ, ಮಧ್ಯಾಹ್ನವೂ ನೀರು ಬಿಸಿಯಾಗುವುದಿಲ್ಲ. ಬಿಸಿಲಿನ ಪೈಪ್ ಇಲ್ಲಿ ಕೆಲಸಕ್ಕೆ ಬಾರದು. ದೀಪಾವಳಿ ಆದ ಮೇಲೆ ಬಾಲ್ಕನಿ ಟಬ್‌ನ ಗಪ್ಪಿ, ಮೋಲಿ ಎಲ್ಲವನ್ನೂ ಒಳಗೆ ತರುತ್ತೇನೆ, ಹೊರಗೆ ಗೋಲ್ಡ್ ಫಿಶ್ ಮಾತ್ರ. ಹೋಳಿ ಹೊತ್ತಿಗೆ ಮತ್ತೆ ಹೊರಗೆ.

ಬೀದರ್, ಕಲಬುರಗಿ ಕಡೆಯವರು ಓದುತ್ತಿದ್ದರೆ ನಿಮಗೊಂದು ಮಾತು. ನಿಮ್ಮಲ್ಲಿ ರಾತ್ರಿ ಚಳಿ ಬೆಂಗಳೂರಿಗಿಂತ ಜಾಸ್ತಿ, ಆದರೆ ಹಗಲು ಬಿಸಿಲು ಖಂಡಿತ ಇರುತ್ತದೆ. ಬಿಸಿಲಿದ್ದರೆ ಹೊರಗೆ ಸಾಕುವ ದಾರಿ ಇದ್ದೇ ಇದೆ.

ಗಪ್ಪಿಗೂಡು (ಮೈಸೂರು)

ಬಿಳಿ ಚುಕ್ಕೆ ರೋಗದ ಬಗ್ಗೆ ಹೇಳುವುದು ಉಳಿದಿತ್ತು, ಅದು ನಿಮ್ಮ ತೊಟ್ಟಿಗೆ ಒಮ್ಮೆ ಬಂದಿದೆ, ಮತ್ತೆ ಬರಬಹುದು.

ಅದು ಒಂದು ಸೂಕ್ಷ್ಮ ಪರಾವಲಂಬಿ ಜೀವಿ. ನೀರು ದಿಢೀರ್ ತಣ್ಣಗಾದಾಗ ಮೀನಿನ ಮೈಯ ರಕ್ಷಣೆ ಕುಂದುತ್ತದೆ, ಆಗ ಹಿಡಿದುಕೊಳ್ಳುತ್ತದೆ. ಮೈಮೇಲಿನ ಚುಕ್ಕೆಯೊಳಗೆ ಇರುವಾಗ ಯಾವ ಔಷಧಿಯೂ ಅದನ್ನು ಮುಟ್ಟುವುದಿಲ್ಲ. ಚುಕ್ಕೆ ಉದುರಿ, ತಳದಲ್ಲಿ ಒಡೆದು ನೂರಾರಾಗಿ, ಮರಿಗಳು ನೀರಿನಲ್ಲಿ ಈಜುತ್ತಾ ಹೊಸ ಮೀನು ಹುಡುಕುವಾಗ ಮಾತ್ರ ಸಾಯುತ್ತದೆ. 25 ಡಿಗ್ರಿಯಲ್ಲಿ ಈ ಸುತ್ತು ಒಂದು ವಾರದೊಳಗೆ ಮುಗಿಯುತ್ತದೆ, 15-17ರಲ್ಲಿ ಎರಡು ವಾರಕ್ಕೂ ಜಾಸ್ತಿ ಎಳೆಯುತ್ತದೆ. ತಣ್ಣನೆ ತೊಟ್ಟಿಯಲ್ಲಿ ನಾಲ್ಕು ದಿನ ಔಷಧಿ ಹಾಕಿ ಚುಕ್ಕೆ ಹೋಯಿತು ಅಂತ ನಿಲ್ಲಿಸಿದರೆ ಮತ್ತೆ ಬರುವುದು ಅದಕ್ಕೇ. ಕಲ್ಲುಪ್ಪು ಲೀಟರಿಗೆ 2 ಗ್ರಾಂ, ನಿಮ್ಮ ತೊಟ್ಟಿಗೆ ಸುಮಾರು ಮೂರೂವರೆ ಕೆಜಿ, ಒಂದೇ ಸಲ ಅಲ್ಲ, ಎರಡು ದಿನದಲ್ಲಿ ಕರಗಿಸಿ ಹಾಕಿ. ಮೋಲಿ, ಗಪ್ಪಿ, ಸ್ವಾರ್ಡ್‌ಟೇಲ್ ಇದನ್ನು ಚೆನ್ನಾಗಿ ತಡೆಯುತ್ತವೆ. ತಾವರೆ, ನೈದಿಲೆ ಇದ್ದರೆ ಮೊದಲೇ ಬೇರೆ ಕಡೆ ಇಡಿ.

ಊಟ ಕಡಿಮೆ ಮಾಡಿ. ನೀರು 20ರ ಕೆಳಗೆ ಇದ್ದಾಗ ಮೀನಿಗೆ ಜೀರ್ಣವಾಗುವುದು ನಿಧಾನ, ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ಕೂಡ ನಿಧಾನ. ತಿನ್ನದೆ ಉಳಿದದ್ದು ಅಮೋನಿಯಾ ಆಗುತ್ತದೆ. ಬೆಳಿಗ್ಗೆ ಹಾಕಬೇಡಿ, ಮಧ್ಯಾಹ್ನ ಎರಡರ ಹೊತ್ತಿಗೆ, ನೀರು ಬೆಚ್ಚಗಿರುವಾಗ, ಒಂದೇ ಸಲ.

ನೀರು ಬದಲಿಸುವಾಗ ಓವರ್‌ಹೆಡ್ ಟ್ಯಾಂಕಿನ ನೀರು ಬೆಳಿಗ್ಗೆ ಬಿಡಬೇಡಿ, ಅದು ತೊಟ್ಟಿಗಿಂತ ತಣ್ಣಗಿರುತ್ತದೆ. ಬೋರ್ ಇದ್ದರೆ ನೇರ ಬೋರ್ ನೀರು ಬಿಡಿ. ಭೂಮಿಯೊಳಗಿನ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದ, ನಿಮ್ಮ ಕಡೆ 24-25 ಇರುತ್ತದೆ. 200 ಲೀಟರ್ ಬದಲಿಸಿದರೆ ಅರ್ಧ ಡಿಗ್ರಿ ಏರುತ್ತದೆ, ಜಾಸ್ತಿ ಏನಲ್ಲ, ಆದರೆ ಇಳಿಯುವುದಂತೂ ಇಲ್ಲ. ಬೋರ್ ನೀರಿನಲ್ಲಿ ಆಮ್ಲಜನಕ ಕಡಿಮೆ, ಶವರ್ ತಲೆ ಹಾಕಿ ಸಿಂಪಡಿಸಿ.

ಹಿತ್ತಲ_ತೊಟ್ಟಿ (ದೊಡ್ಡಬಳ್ಳಾಪುರ)

ಪಾಲಿಹೌಸ್ ಹಾಳೆ ಸಿಕ್ಕಿತು, ಪರಿಚಯದವರು ಸುಮ್ನೆ ಕೊಟ್ಟರು. ಬಿದಿರಿನ ಕಮಾನು ಮಾಡುತ್ತಿದ್ದೇನೆ. ಹುಲ್ಲಿನ ಚೀಲ ಈ ವಾರ. ಎಲೆಕ್ಟ್ರೀಷಿಯನ್ ಬಂದು ಹೋದ ಮೇಲೆ 300ರ ಹೀಟರ್ ಎರಡು ತರುತ್ತೇನೆ. ಸುರುಳಿ ಪೈಪ್ ಡಿಸೆಂಬರ್ ಮೊದಲೇ ಕಟ್ಟುವ ಯೋಚನೆ.

ಏಂಜೆಲ್‌ಗಳದ್ದೇ ಚಿಂತೆ. ಒಳಗೆ ದೊಡ್ಡ ಟ್ಯಾಂಕ್ ಇಡಲು ಜಾಗ ಇಲ್ಲ. ಮನೆಯಲ್ಲಿ ಒಬ್ಬರು ಕೆರೆಗೆ ಬಿಟ್ಟುಬಿಡು, ಬದುಕಿಕೊಳ್ಳುತ್ತವೆ ಅನ್ನುತ್ತಿದ್ದಾರೆ.

ಅಡಿಕೆ_ತೋಟ (ಕೊಪ್ಪ)

ಕೆರೆಗೆ ಮಾತ್ರ ಬಿಡಬೇಡಿ. ಏಂಜೆಲ್ ಚಳಿಗೆ ಸಾಯಬಹುದು, ಸಾಯದೆ ಉಳಿದರೆ ಅದು ಇನ್ನೂ ಕೆಟ್ಟದ್ದು. ಸಾಕಿದವರು ತಂದು ಬಿಟ್ಟ ಸಕ್ಕರ್ ಮೀನು ಈಗ ಎಷ್ಟು ಕೆರೆ ಹೊಳೆಗಳಲ್ಲಿ ತುಂಬಿದೆ, ಬಲೆ ಹಾಕಿದವರಿಗೆ ತಿನ್ನುವ ಮೀನಿನ ಬದಲು ಅದೇ ಬರುತ್ತದೆ, ಮುಳ್ಳಿಗೆ ಬಲೆಯೂ ಹರಿಯುತ್ತದೆ. ರೋಗವೂ ಜೊತೆಗೆ ಹೋಗುತ್ತದೆ. ನಮ್ಮ ನೀರಿನ ಮೀನುಗಳಿಗೆ ಈಗಿರುವ ಕಷ್ಟವೇ ಸಾಕು.

ಮುಂದಿನ ವರ್ಷ ಹೊಸ ಮೀನು ತರುವಾಗ ನಮ್ಮದೇ ಕೆಲವು ನೋಡಿ. ರೋಸಿ ಬಾರ್ಬ್, ಜೀಬ್ರಾ ಡ್ಯಾನಿಯೋ ಎರಡೂ ಭಾರತದ ಮೀನು, 18 ಡಿಗ್ರಿಯಲ್ಲೂ ಚುರುಕಾಗಿ ಓಡಾಡುತ್ತವೆ. ಹೀಟರ್ ಇಲ್ಲದೆ ಸಾಕಬಹುದು. ಮಿಸ್ ಕೇರಳ ನಮ್ಮ ಪಶ್ಚಿಮ ಘಟ್ಟದ ಹೊಳೆಯ ಮೀನು, ಅದಕ್ಕೂ ತಣ್ಣನೆ ನೀರು ಇಷ್ಟ, ಆದರೆ ಅದು ಅಳಿವಿನ ಅಂಚಿನಲ್ಲಿದೆ. ಹೊಳೆಯಿಂದ ಹಿಡಿದದ್ದನ್ನು ದಯವಿಟ್ಟು ಕೊಳ್ಳಬೇಡಿ, ಮರಿ ಮಾಡಿಸಿ ಮಾರುವವರ ಹತ್ತಿರ ಮಾತ್ರ ತಗೊಳ್ಳಿ.

ಗಪ್ಪಿಗೂಡು (ಮೈಸೂರು)

ಕೊಪ್ಪದ ಅಣ್ಣ ಹೇಳಿದ್ದಕ್ಕೆ ನನ್ನದೂ ಪೂರ್ತಿ ಒಪ್ಪಿಗೆ. ಏಂಜೆಲ್‌ಗಳನ್ನು ಒಳಗೆ ಇಡುವ ಅನುಕೂಲ ಇರುವವರಿಗೆ ಕೊಟ್ಟುಬಿಡಿ, ಇಲ್ಲೇ ಬರೆದರೆ ಬೆಂಗಳೂರಿನವರು ಯಾರಾದರೂ ಬಂದು ತಗೊಂಡು ಹೋಗುತ್ತಾರೆ. ಅಂಗಡಿಗಳೂ ವಾಪಸ್ ತಗೊಳ್ಳುವುದುಂಟು. ನಿಮಗೆ ಹೆಸರಘಟ್ಟ ಹತ್ತಿರ, ಅಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರ ಇದೆ, ತೊಟ್ಟಿ ನೀರು ಮತ್ತು ರೋಗದ ಬಗ್ಗೆ ಒಮ್ಮೆ ಹೋಗಿ ಕೇಳುವುದು ಒಳ್ಳೆಯದು.

ಲೀಟರ್_ಲೆಕ್ಕ (ಬೆಂಗಳೂರು)

ಒಂದೇ ಒಂದು ಸೇರಿಸುತ್ತೇನೆ. ಥರ್ಮಾಮೀಟರನ್ನು ಹೀಟರಿನಿಂದ ದೂರದ ಮೂಲೆಯಲ್ಲಿ ಇಡಿ, ಪಕ್ಕದಲ್ಲಿಟ್ಟರೆ ಸುಳ್ಳು ಅಂಕಿ ತೋರಿಸುತ್ತದೆ. ಕರೆಂಟ್ ಎರಡು ಗಂಟೆ ಹೋದರೆ ಗಾಬರಿ ಬೇಡ, ಇಷ್ಟು ನೀರು ಗಂಟೆಗೆ ಕಾಲು ಡಿಗ್ರಿಯಷ್ಟೇ ಇಳಿಯುವುದು. ಫೆಬ್ರವರಿ ಮಧ್ಯದಿಂದ ಹಾಳೆಯ ಮೇಲೆ ಕಣ್ಣಿಡಿ. ಮಧ್ಯಾಹ್ನ ನೀರು 29 ದಾಟತೊಡಗಿದರೆ ಹಗಲು ಹಾಳೆ ಸರಿಸಿ, ಸುರುಳಿ ಪೈಪಿನ ಪಂಪ್ ಕಳಚಿ ಒಳಗಿಡಿ.